ಗಂಟಿಲ್ಲದ ಹಗ್ಗ

ಎರಡನೇ ತಿಂಗಳು, ಮೂರನೇ ದಿನ

ಹಗ್ಗ ನೆನೆಸಿ ಸೂರಿನ ಕೆಳಗೆ ಒಣಹಾಕಿದೆ. ಹೊಸ ಹಗ್ಗ ಬಿರುಸು, ಕೈ ಕೊಯ್ಯುತ್ತದೆ. ಕೆಲವು ಸಲ ನೆನೆಸಿ ಒಣಗಿಸಿದ ಮೇಲೆಯೇ ಮಾತು ಕೇಳುವುದು. ಎದುರುಮನೆ ಮುದುಕಿ ತನ್ನ ಬಟ್ಟೆಯ ಗಳುವನ್ನು ಅತ್ತ ಸರಿಸಿಕೊಂಡಳು. ನನ್ನ ಹಗ್ಗದ ನೀರು ತಾಗಿದರೆ ಅವಳ ಕಿಮೊನೊಗೆ ಮೈಲಿಗೆಯಂತೆ. ಹೋದ ವರ್ಷ ಅವಳ ಕೋಳಿ ಕದ್ದವನನ್ನು ಹಿಡಿದುಕೊಟ್ಟವನು ಯಾರು? ಆಗ ಬೇಕಿತ್ತು ಈ ಉಕಿಚಿ.

ಸ್ನಾನದ ಮನೆಗೆ ಹೋದೆ. ಎಡತೋಳಿಗೆ ಬಟ್ಟೆ ಸುತ್ತಿಕೊಂಡೇ ನೀರಿಗಿಳಿದೆ, ವಾಡಿಕೆಯಂತೆ. ಅದರ ಕೆಳಗೆ ಕಳ್ಳತನಕ್ಕೆ ಚುಚ್ಚಿದ ಎರಡು ಕಪ್ಪು ಪಟ್ಟೆ ಇದೆ ಅಂತ ಇಡೀ ಕಾಂದಾ ಪೇಟೆಗೆ ಗೊತ್ತು. ಆದರೂ ಮುಚ್ಚಿಕೊಳ್ಳಬೇಕು. ಕಳ್ಳನಾಗಿದ್ದವನು ಈಗ ಕಳ್ಳರನ್ನು ಹಿಡಿಯುತ್ತಾನೆ... ಪೇಟೆಯ ಕಾವಲು ಅಧಿಕಾರಿ ಮಿಜೊಗುಚಿ ಧಣಿಗೆ ಅದು ಅನುಕೂಲ. ಬೀದಿಗೆ ಅಸಹ್ಯ. ನನ್ನನ್ನು ಕಂಡೊಡನೆ ಮಾತು ನಿಂತಿತು. ಒಬ್ಬ ಬಡಗಿ ಸಣ್ಣಗೆ ನಾಯಿಯ ಹಾಗೆ ಬೊಗಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೊಗಳಿಸಿಕೊಳ್ಳುವುದೂ ಈ ಕೆಲಸದಲ್ಲೇ ಸೇರಿದೆ.

ಇರಲಿ. ಒಳ್ಳೆಯ ಸುದ್ದಿಯೂ ಇದೆ. ತೋಫು ಅಂಗಡಿಯ ಗೊಹೇ ತಾನಾಗಿಯೇ ಮನೆಗೆ ಬಂದಿದ್ದ. ಅವನ ಮಗ ಶಿನ್‌ರೋಕುಗೆ ನನ್ನ ಮಗಳು ಒಕೋಮಾಳನ್ನು ತಂದುಕೊಳ್ಳಲು ಒಪ್ಪಿದ್ದಾನೆ. ನಾಲ್ಕನೇ ತಿಂಗಳಲ್ಲಿ ಮದುವೆ. ಹೋಗುವಾಗ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಒಂದು ಮಾತು ಉಕಿಚಿ. ಬೇಜಾರು ಮಾಡ್ಕೋಬೇಡ. ಮದುವೆ ಆದ್ಮೇಲೆ ನೀನು ಅಂಗಡಿಗೆ ಬರೋದಾದ್ರೆ ಹಿಂದಿನ ಬಾಗಿಲಿಂದ ಬಾ. ಗಿರಾಕಿಗಳು ನೋಡು..."

"ಬರೋದೇ ಇಲ್ಲ. ಆಯ್ತಾ?"

ಅವನ ಮುಖ ಎಷ್ಟು ಹಗುರಾಯಿತು! ಸಿಟ್ಟು ಬಂತು. ನುಂಗಿಕೊಂಡೆ. ಹೆಂಡತಿ ಸತ್ತ ಮೇಲೆ ಇದೊಂದೇ ನನಗೆ ಆಸೆ. ಮಗಳು ಈ ಗಲ್ಲಿ ಬಿಟ್ಟು ಮರ್ಯಾದಸ್ಥರ ಮನೆ ಸೇರಬೇಕು. ಕಳ್ಳನ ಮಗಳು ಅನ್ನುವ ಮಾತು ಅವಳ ಬೆನ್ನು ಬಿಡಬೇಕು. ನಾನು ಯಾವ ಬಾಗಿಲಿಂದ ಹೋದರೇನು.

ಒಂಬತ್ತನೇ ದಿನ. ಹಾವಿನ ಹೊತ್ತು, ಬಿಸಿಲೇರುತ್ತಿದೆ

ಮೇಣದಬತ್ತಿ ಸಗಟು ವ್ಯಾಪಾರಿಯ ಉಗ್ರಾಣಕ್ಕೆ ರಾತ್ರಿ ಕನ್ನ ಬಿದ್ದಿದೆ. ಹಿಂಗೋಡೆಯ ಗಾರೆ ಕಿತ್ತು ಒಳಗೆ ನುಗ್ಗಿದ್ದಾರೆ. ಸಲೀಸು ಕೆಲಸ. ಕಸುಬು ಬಲ್ಲವನ ಕೈ.

ಮಿಜೊಗುಚಿ ಧಣಿ ಗೋಡೆ ನೋಡಿದರು, ನೆಲ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಲೋ ಉಕಿಚಿ, ಈ ಓಣೀಲಿ ನಸುಕಲ್ಲಿ ಓಡಾಡೋರು ಯಾರೋ?"

"ಮೀನಿನವರು ಧಣಿ. ತೋಫು ಮಾರೋರು."

"ತೋಫು ಮಾರೋರು ಅಂದ್ರೆ?"

ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ವ್ಯಾಪಾರಿಯ ಅಡುಗೆಯವಳು ಬಾಯಿ ಹಾಕಿದಳು. "ಗೊಹೇ ಮಗ ಬರ್ತಾನಲ್ಲ ದಿನಾ. ಇವತ್ತೂ ಬಂದಿದ್ದ. ಗೋಡೆ ಹತ್ರಾನೇ ನಿಂತಿದ್ದ." ನಿಂತಿರುತ್ತಾನೆ. ತೋಫು ಹೊತ್ತವನು ಹೆಗಲು ಬದಲಿಸಬೇಕಲ್ಲ. ಹೇಳಿದೆ. ಧಣಿ ಕೇಳಿಸಿಕೊಳ್ಳಲಿಲ್ಲ.

ಹತ್ತನೇ ದಿನ. ಬೆಳಿಗ್ಗೆ

ಧಣಿ ಕರೆಸಿ ಹೇಳಿದರು. ಶಿನ್‌ರೋಕುವನ್ನು ಬೀದಿಯ ಚಾವಡಿಗೆ ಕರೆತರಬೇಕು. ನಾನೇ.

"ಹಗ್ಗ ಹಾಕಿ ಕರ್ಕೊಂಡ್ ಬಾ. ಬೀಗರ ಹುಡುಗ ಅಂತ ಬಿಟ್ಟೆ ಅಂತ ನಾಳೆ ಯಾರೂ ಅನ್ಬಾರದು."

"ಸುತ್ತೋದಾ ಧಣಿ, ಕಟ್ಟೋದಾ?"

"ಸುತ್ತು ಸಾಕು. ಬರೀ ವಿಚಾರಣೆ."

ಸದ್ಯ. ಮಧ್ಯಾಹ್ನದೊಳಗೆ ಮುಗಿಯುತ್ತದೆ. ಹೋಗಿ ಬಂದು ಬರೆಯುತ್ತೇನೆ.

ಅದೇ ದಿನ. ಕೋಳಿಯ ಹೊತ್ತು, ಸಂಜೆ

ಬರೆದು ಹಾಕುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಅವನು ತೊಟ್ಟಿಯಲ್ಲಿ ಕೈಯಿಟ್ಟು ತೋಫು ಕೊಯ್ಯುತ್ತಿದ್ದ. "ಬನ್ನಿ ಮಾವ" ಅಂದ. ಹಗ್ಗ ನೋಡಿದ. ಕೈ ಒರೆಸಿಕೊಂಡು ತಾನೇ ಬೆನ್ನ ಹಿಂದೆ ಮಾಡಿದ. ಗೊಹೇ ಒಳಗಿಂದ ಬಂದು ಗೋಡೆ ಹಿಡಿದುಕೊಂಡು ನಿಂತ. ನಾನು ಸುತ್ತಿದೆ, ಕುತ್ತಿಗೆಯ ಮೇಲಿಂದ ತಂದು ತೋಳಿಗೆ, ಮಣಿಕಟ್ಟಿಗೆ. ತುದಿ ನನ್ನ ಕೈಯಲ್ಲಿ. ಅವನ ಮುಖ ಬಿಳುಚಿತ್ತು. ಸಮಾಧಾನ ಹೇಳೋಣ ಅಂತ ಕಿವಿಯ ಹತ್ತಿರ ಬಗ್ಗಿದೆ.

"ಸುಮ್ನೆ ಬಾ. ಹೆದರ್ಬೇಡ. ಗಂಟು ಹಾಕಿಲ್ಲ."

ಇಷ್ಟೇ ಅಂದದ್ದು. ದೇವರಾಣೆ ಇಷ್ಟೇ.

ಸೇತುವೆಯ ಮೇಲೆ ಮರದ ತುಂಡು ತುಂಬಿದ ಗಾಡಿ ಅಡ್ಡ ಬಂತು. ಜನ ಒತ್ತಿದರು. ಅವನು ಭುಜ ಕೊಡವಿದ, ಹಗ್ಗ ಜಾರಿತು. ಓಡುವ ಮೊದಲು ನನ್ನ ಕಡೆ ತಿರುಗಿ ಸಣ್ಣಗೆ ತಲೆಬಾಗಿದ. ಉಪಕಾರ ಆಯ್ತು ಅನ್ನುವ ಹಾಗೆ! ಆಮೇಲೆ ಜನದೊಳಗೆ ಮಾಯ. ಹಗ್ಗ ಹಿಡಿದುಕೊಂಡು ನಾನು ಸೇತುವೆಯ ಮೇಲೆ ನಿಂತಿದ್ದೆ, ಕರು ಕಳಕೊಂಡ ದನಗಾಹಿಯ ಹಾಗೆ.

ಎಂಥ ಬೆಪ್ಪು! ಅವನಿಗೆ ಹೇಗೆ ಗೊತ್ತಿರಬೇಕು... ನಮ್ಮವರನ್ನು ಬಿಟ್ಟು ಯಾರಿಗೆ ಗೊತ್ತು ಇದು? ತಪ್ಪು ಸಾಬೀತಾಗುವ ತನಕ ಮೈಮೇಲಿನ ಹಗ್ಗಕ್ಕೆ ಗಂಟು ಹಾಕುವ ಹಾಗಿಲ್ಲ. ಸುತ್ತಬೇಕು, ತುದಿ ಹಿಡಿದುಕೊಳ್ಳಬೇಕು. ಗಂಟು ಬಿದ್ದರೆ ಕಟ್ಟಿದ ಲೆಕ್ಕ. ಕಟ್ಟಿಸಿಕೊಂಡವನ ಮನೆಗೆ ಹೆಣ್ಣು ಕೊಡುವುದಿಲ್ಲ, ಅಂಗಡಿಗೆ ಗಿರಾಕಿ ಬರುವುದಿಲ್ಲ, ಆಮೇಲೆ ನಿರಪರಾಧಿ ಅಂತ ಬಿಟ್ಟರೂ ಅಷ್ಟೇ. ಗಂಟಿಲ್ಲದಿದ್ದರೆ ಮಾನ ಹೋಗಿಲ್ಲ. ನಿನ್ನ ಮಾನ ಹೋಗಿಲ್ಲ ಕಣಯ್ಯ ಅಂತ ನಾನು ಹೇಳಿದೆ. ಸಡಿಲ ಬಿಟ್ಟಿದ್ದೀನಿ, ಓಡು ಅಂತ ಅವನು ಕೇಳಿಸಿಕೊಂಡ. ಹಳೇ ಕಳ್ಳ ಅಲ್ಲವೇ ಮಾವ, ಬೇರೆ ಇನ್ನೇನು ಹೇಳಿಯಾನು!

ಧಣಿ ಕೆನ್ನೆಗೆ ಬಾರಿಸಿದರು. ಪರವಾಗಿಲ್ಲ.

ಹನ್ನೆರಡನೇ ದಿನ

ಸ್ನಾನದ ಮನೆಯಲ್ಲಿ ಇವತ್ತು ಯಾರೂ ಬೊಗಳಲಿಲ್ಲ. ಆ ಬಡಗಿ ಬೆನ್ನುಜ್ಜಿಕೊಡಲೇ ಅಂತ ಕೇಳಿದ. "ಮಾಡಿದ್ರೆ ಹಂಗೆ ಮಾಡ್ಬೇಕು ನೋಡು. ಧಣಿ ಕಣ್ಣಿಗೇ ಮಣ್ಣೆರಚಿದೆ." ಅಲ್ಲಯ್ಯಾ ಅಂದರೆ ಕಣ್ಣು ಮಿಟುಕಿಸುತ್ತಾನೆ.

ಅದಕ್ಕಿಂತ ಕಷ್ಟ ಮನೆಯಲ್ಲಿ. ಒಕೋಮಾ ಅಕ್ಕಿಮದ್ಯ ಸಾಕೆಯನ್ನು ಬಿಸಿಮಾಡಿ ತಂದಿಟ್ಟಳು. ಎದುರು ಕೂತು ಹಣೆ ಚಾಪೆಗೆ ಮುಟ್ಟಿಸಿದಳು.

"ಅಪ್ಪ, ನಿನ್ನ ವಿಷಯದಲ್ಲಿ ನಾನು ತಪ್ಪು ತಿಳ್ಕೊಂಡಿದ್ದೆ. ಚಿಕ್ಕಂದಿನಿಂದ ನಿನ್ನ ಕಂಡ್ರೆ ನನಗೆ ನಾಚಿಕೆ ಆಗ್ತಿತ್ತು. ಅವರನ್ನ ಬಿಟ್ಟು ಕಳಿಸಿದೆಯಲ್ಲ. ನನಗಷ್ಟು ಸಾಕು."

ನಾನು ಬಿಡಲಿಲ್ಲ ಮಗಳೇ, ಅದು ಕಾಯ್ದೆ. ಬಾಯಿವರೆಗೆ ಬಂತು. ಆದರೆ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಸಾಕೆ ಕುಡಿದೆ. ಒಂದು ರಾತ್ರಿಯ ಮಟ್ಟಿಗೆ ಒಳ್ಳೆಯ ಅಪ್ಪ ಆದೆ.

ಹದಿನೇಳನೇ ದಿನ

ಕನ್ನ ಹಾಕಿದವನು ಸಿಕ್ಕಿದ. ಆ ಉಗ್ರಾಣದ ಗೋಡೆಗೆ ಹೋದ ಚಳಿಗಾಲದಲ್ಲಿ ಗಾರೆ ಹಚ್ಚಿದವನೇ! ಎಲ್ಲಿ ಮೆತ್ತಗಿದೆ ಅಂತ ಅವನಿಗಲ್ಲದೆ ಯಾರಿಗೆ ಗೊತ್ತಿರುತ್ತದೆ. ನದಿಯಾಚೆ ಕದ್ದ ಮೇಣ ಮಾರಲು ಹೋಗಿ ಸಿಕ್ಕಿಬಿದ್ದ. ತಪ್ಪೊಪ್ಪಿಕೊಂಡಿದ್ದಾನೆ.

ಒಕೋಮಾ ಕುಣಿದಾಡುವುದೊಂದು ಬಾಕಿ. ಅಕ್ಕಿ ತೊಳೆಯುತ್ತಾ ಏನೋ ಗುನುಗುತ್ತಿದ್ದಳು. ನನಗೂ ಎದೆಯ ಮೇಲಿನ ಕಲ್ಲು ಇಳಿಯಿತು.

ಹದಿನೆಂಟನೇ ದಿನ

ಬೆಪ್ಪು ಬೆಪ್ಪೇ.

ಕಳ್ಳ ಸಿಕ್ಕ ಸುದ್ದಿ ಕೇಳಿ ಶಿನ್‌ರೋಕು ತಾನೇ ನಡೆದುಕೊಂಡು ಬಂದ. ಹಾಡಹಗಲಲ್ಲಿ, ನಡುಬೀದಿಯಲ್ಲಿ. ಉಪ್ಪು ಬೇಯಿಸುವ ಯಾವುದೋ ಹಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದನಂತೆ. ನೇರ ಚಾವಡಿಗೆ ಹೋಗಿ ಮಂಡಿಯೂರಿದ. "ಹೆದರಿ ಓಡಿದೆ, ತಪ್ಪಾಯ್ತು" ಅಂದ. ಅಲ್ಲಿದ್ದವರು ಗಂಟು ಹಾಕಿ ಕಟ್ಟಿದರು. ಕಳ್ಳತನಕ್ಕಲ್ಲ ಈಗ. ಹಗ್ಗ ಬಿಚ್ಚಿಕೊಂಡು ಓಡಿದ್ದಕ್ಕೆ. ಅದು ಬೇರೆಯದೇ ಅಪರಾಧ.

ಬರುವ ಮೊದಲು ನನಗೊಂದು ಮಾತು ಹೇಳಿ ಕಳಿಸಬಾರದಿತ್ತೇ?

ಹತ್ತೊಂಬತ್ತನೇ ದಿನ

ಧಣಿ ಸೊಬಾ ಅಂಗಡಿಗೆ ಕರೆದರು. ಬಿಸಿ ಶ್ಯಾವಿಗೆ ಕೊಡಿಸಿದರು. ಅಲ್ಲೇ ಅನುಮಾನ ಬಂತು.

"ವಿಚಾರಣೇಲಿ ನಿನ್ನನ್ನ ಕೇಳ್ತಾರೆ ಉಕಿಚಿ. ಗಂಟಿತ್ತು ಅನ್ನು."

"ಧಣಿ, ಸುತ್ತು ಅಂದೋರು ನೀವೇ ಅಲ್ವಾ."

"ಅಂದಿದ್ದೆ. ಆದ್ರೆ ಮೇಲಿನವರಿಗೆ ನಾನು ಕಟ್ಟಿಸಿದ್ದೆ ಅಂತ ಹೇಳಿಬಿಟ್ಟಿದ್ದೀನಿ. ಬೀಗರ ಹುಡುಗನಿಗೆ ಬೀಗರ ಕೈಲೇ ಸಡಿಲ ಹಗ್ಗ ಹಾಕಿಸಿದೆ ಅಂದ್ರೆ ನನ್ನ ಗತಿ ಏನು?" ಶ್ಯಾವಿಗೆ ಎಳೆದುಕೊಂಡರು. "ಕಳ್ಳ ಹೇಗೂ ಸಿಕ್ಕಿದ್ದಾನೆ. ನಿನ್ನ ಹುಡುಗನಿಗೆ ಎರಡು ಬೈದು ಬಿಡ್ತಾರೆ. ನಾನು ನೋಡ್ಕೋತೀನಿ."

"ಗಂಟಿರ್ಲಿಲ್ಲ ಅಂದ್ರೆ?"

"ಅಂದ್ರೆ ನಾನು ಸುಳ್ಳ ಆದೆ, ನೀನು ಅವನನ್ನ ಬೇಕಂತಲೇ ಬಿಟ್ಟೋನಾದೆ. ಒಳಗೆ ಹೋಗ್ತೀಯ. ಒಳಗೆ ಯಾರ್‍ಯಾರಿದ್ದಾರೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು."

ಗೊತ್ತು. ನಾನು ಹಿಡಿದುಕೊಟ್ಟವರೇ ತುಂಬಿದ್ದಾರೆ. ನಮ್ಮಂಥವನು ಆ ಸೆರೆಮನೆಗೆ ಹೊಕ್ಕರೆ ಬೆಳಗಾಗುವಷ್ಟರಲ್ಲಿ ಹೆಣ. ಕಾಯಿಲೆಯಿಂದ ಸತ್ತ ಅಂತ ಬರೆದುಕೊಳ್ಳುತ್ತಾರೆ. ಯಾರೂ ಕೇಳುವುದಿಲ್ಲ.

ಶ್ಯಾವಿಗೆ ಆರಿತು. ತಿಂದೆ.

ಇಪ್ಪತ್ತನೇ ದಿನ

ಗೊಹೇ ಬಂದಿದ್ದ. ಉಕಿಚಿ ಅಂತ ಕರೆಯುತ್ತಿದ್ದವನು ಇವತ್ತು "ಬೀಗರೇ" ಅಂದ. ಹಿಂದೆ ಒಕೋಮಾ. ಇಬ್ಬರ ಕಣ್ಣೂ ಕೆಂಪು. ವ್ಯಾಜ್ಯಕ್ಕೆ ಬಂದವರನ್ನು ಇಳಿಸಿಕೊಳ್ಳುವ, ಕಟ್ಟಲೆ ವ್ಯವಹಾರ ಬಲ್ಲ ಒಬ್ಬ ಛತ್ರದವನನ್ನು ಕಂಡು ಬಂದಿದ್ದಾರೆ.

"ಆತ ಹೇಳಿದ ಬೀಗರೇ, ಗಂಟಿಲ್ಲದ ಹಗ್ಗ ಕಾಯ್ದೆ ಪ್ರಕಾರ ಹಗ್ಗವೇ ಅಲ್ಲವಂತೆ. ಕಟ್ಟೇ ಇಲ್ಲ ಅಂದ್ಮೇಲೆ ಬಿಚ್ಕೊಂಡ ಅನ್ನೋದೆಲ್ಲಿಂದ ಬಂತು? ಓಡಿದ್ದು ಹುಡುಗಾಟಿಕೆ ಆಗುತ್ತೆ, ಅಪರಾಧ ಆಗಲ್ಲ. ನೀವು ಒಂದು ಮಾತು ಹೇಳಿದ್ರೆ ಸಾಕು. ಗಂಟಿರಲಿಲ್ಲ ಅಂತ."

"ಅಪ್ಪ ಹೇಳ್ತಾನೆ ಮಾವಯ್ಯ" ಅಂದಳು ಒಕೋಮಾ. "ನಿಜ ತಾನೇ ಅದು. ಬಿಟ್ಟು ಕಳಿಸಿದೋನೇ ಅವನು, ಈಗ ಕೈ ಬಿಡ್ತಾನಾ?"

ನೋಡೋಣ ಅಂದೆ. ಅವರು ಅದನ್ನೇ ಹೂಂ ಅಂದುಕೊಂಡು ನೆಲಕ್ಕೆ ಹಣೆ ಮುಟ್ಟಿಸಿದರು.

ಇಪ್ಪತ್ತೆರಡನೇ ದಿನ

ಕಚೇರಿಯ ಅಂಗಳ. ಬಿಳಿ ಮರಳು, ಅದರ ಮೇಲೆ ಚಾಪೆ. ಶಿನ್‌ರೋಕುವನ್ನು ಮೊದಲು ಕೇಳಿದರು. ಒಳಗಿದ್ದವನಿಗೆ ಕಾಯ್ದೆ ಹೇಳುವವರು ಯಾರು?

"ಹಗ್ಗಕ್ಕೆ ಗಂಟಿತ್ತೋ ಇಲ್ಲವೋ?"

"ಇತ್ತು ಸ್ವಾಮಿ. ಮಾವನವರು ಗಟ್ಟಿಯಾಗೇ ಕಟ್ಟಿದ್ರು. ಅವರದೇನೂ ತಪ್ಪಿಲ್ಲ. ನಾನೇ ಹಲ್ಲಲ್ಲಿ ಬಿಚ್ಕೊಂಡೆ."

ಬೆನ್ನ ಹಿಂದೆ ಇದ್ದ ಕೈಯ ಗಂಟನ್ನು ಹಲ್ಲಲ್ಲಿ ಬಿಚ್ಚಿಕೊಂಡನಂತೆ. ಯಾರೂ ನಗಲಿಲ್ಲ. ಬರೆದುಕೊಂಡರು. ನನ್ನನ್ನು ಉಳಿಸುತ್ತಿದ್ದಾನೆ, ಅಯ್ಯೋ, ನಾನು ಓಡಿಸಿದೆ ಅಂತ ಇವನೂ ನಂಬಿಕೊಂಡು ನನ್ನನ್ನು ಉಳಿಸುತ್ತಿದ್ದಾನೆ.

ಆಮೇಲೆ ನನ್ನ ಸರದಿ. ಅದೇ ಪ್ರಶ್ನೆ. ಇಲ್ಲ ಅನ್ನಲು ಬಾಯಿ ತೆರೆದದ್ದು ನಿಜ. ಬಲಗಡೆ ಧಣಿ ಸಣ್ಣಗೆ ಕೆಮ್ಮಿದರು.

"ಇತ್ತು ಸ್ವಾಮಿ."

ಎಷ್ಟು ಸುಲಭ. ಶಿನ್‌ರೋಕು ನನ್ನ ಕಡೆ ನೋಡಿ ಸಮಾಧಾನದಿಂದ ತಲೆಯಾಡಿಸಿದ. ಇಬ್ಬರ ಮಾತೂ ಹೊಂದಿಕೊಂಡಿತಲ್ಲ ಅಂತ.

ಬೈದು ಬಿಡುತ್ತಾರೆ. ಧಣಿ ಮಾತು ಕೊಟ್ಟಿದ್ದಾರೆ.

ಒಕೋಮಾ ಕೇಳಿದಳು, ಏನಾಯ್ತು ಅಂತ. ಎಲ್ಲಾ ಸರಿಹೋಗುತ್ತೆ ಅಂದೆ.

ಮೂರನೇ ತಿಂಗಳು, ಹದಿನಾರನೇ ದಿನ

ಬರೆಯಲು ಮನಸ್ಸಾಗಿರಲಿಲ್ಲ.

ಛಡಿಯೇಟು. ಎಡತೋಳಿಗೆ ಎರಡು ಪಟ್ಟೆ. ಬೈದು ಬಿಡುವುದಂತೆ! ಧಣಿ ಸಿಕ್ಕಾಗ "ಮೇಲಿನವರು ಕೇಳಲಿಲ್ಲ ಕಣಯ್ಯ" ಅಂದರು, ಹವಾಮಾನದ ವಿಷಯ ಹೇಳುವ ಹಾಗೆ. ಇವರು ಕೇಳಿಯೇ ಇರಲಿಕ್ಕಿಲ್ಲ.

ಏಟು ತಿಂದು ಹೊರಬಂದವನನ್ನು ಕರೆತರಲು ನಾನೇ ಹೋದೆ. ಗೊಹೇ ಬರಲಿಲ್ಲ. ಮನೆಯ ಲೆಕ್ಕದಿಂದ ಮಗನ ಹೆಸರು ತೆಗೆಸಿಹಾಕಿದ್ದಾನೆ. ತೋಫು ತಿನ್ನುವ ವಸ್ತು, ಪಟ್ಟೆ ಬಿದ್ದ ಕೈಯಿಂದ ಯಾರು ಕೊಳ್ಳುತ್ತಾರೆ? ಅವನಿಗೂ ಇನ್ನಿಬ್ಬರು ಮಕ್ಕಳಿದ್ದಾರೆ. ಬೈಯಲು ಹೋದೆ, ಬೈಗಳ ಬರಲಿಲ್ಲ.

ದಾರಿಯುದ್ದಕ್ಕೂ ಶಿನ್‌ರೋಕು ತೋಳನ್ನು ದೂರ ಹಿಡಿದುಕೊಂಡು ನಡೆದ, ಬೇರೆ ಯಾರದೋ ಸಾಮಾನು ಹೊತ್ತವನ ಹಾಗೆ. "ನಿಮಗೇನೂ ತೊಂದ್ರೆ ಆಗ್ಲಿಲ್ವಾ ಮಾವ?" ಅಂತ ಕೇಳಿದ. ಇಲ್ಲ ಅಂದೆ.

ಮನೆಯಲ್ಲಿ ಒಕೋಮಾ ಕಾಯುತ್ತಿದ್ದಳು. ಅಷ್ಟರಲ್ಲಿ ವಿಚಾರಣೆಯಲ್ಲಿ ನಾನು ಗಂಟಿತ್ತು ಅಂದದ್ದು ಅವಳಿಗೆ ಗೊತ್ತಾಗಿತ್ತು. ಛತ್ರದವನಿಂದ ಗೊಹೇಗೆ, ಗೊಹೇಯಿಂದ ಇವಳಿಗೆ. ನಾನು ಒಂದು ಮಾತು ಹೇಳಿದ್ದರೆ ಆ ತೋಳು ಬೆಳ್ಳಗಿರುತ್ತಿತ್ತು ಅನ್ನುವುದನ್ನು ಅವನ ಎದುರಿಗೇ ಹೇಳಿದಳು. ಅಳಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಹೌದಾ ಮಾವ?"

ಸೆರೆಮನೆಯ ವಿಷಯ ಹೇಳಿದೆ. ಒಳಗೆ ಹೋದರೆ ನನ್ನನ್ನು ಕೊಲ್ಲುತ್ತಿದ್ದರು ಅಂತ ಹೇಳಿದೆ. ನಿಜವೇ ತಾನೇ! ಆದರೆ ಆ ತೋಳಿನ ಮುಂದೆ ಕೂತು ಹೇಳುವಾಗ ನೆಪದ ಹಾಗೆ ಕೇಳಿಸಿತು.

"ನೀವು ಊಟ ಮಾಡಿ ಅಪ್ಪ" ಅಂದಳು ಒಕೋಮಾ. ಹುಟ್ಟಿದಾರಭ್ಯ ನೀನು ಅನ್ನುತ್ತಿದ್ದವಳು. ಮಗಳು ನನಗೆ ಬಹುವಚನ ಹಚ್ಚಿದಳು.

ನಾಲ್ಕನೇ ತಿಂಗಳು, ಆರನೇ ದಿನ

ಮದುವೆ ಅಂತ ಏನೂ ಆಗಲಿಲ್ಲ. ಇಬ್ಬರೂ ಒಂದೇ ಬಟ್ಟಲಿನಲ್ಲಿ ಸಾಕೆ ಕುಡಿದರು, ಅಷ್ಟೇ. ಪಟ್ಟೆ ಇದ್ದವನಿಗೆ ಯಾರೂ ಮನೆ ಬಾಡಿಗೆಗೆ ಕೊಡುವುದಿಲ್ಲ. ಇಲ್ಲೇ ಇದ್ದಾರೆ, ಪರದೆಯ ಆಚೆ. ಯಾವ ಗಲ್ಲಿಯಿಂದ ಅವಳು ಹೊರಗೆ ಹೋಗಲಿ ಅಂತ ನಾನು ಆಸೆಪಟ್ಟಿದ್ದೆನೋ ಅದೇ ಗಲ್ಲಿಗೆ ಗಂಡ ಬಂದು ಸೇರಿದ.

ಅವನು ಕೆಲಸ ಹುಡುಕಿಕೊಂಡು ಹೋಗುತ್ತಾನೆ, ಬರುತ್ತಾನೆ. ಮಣ್ಣು ಹೊರುವವರೂ ತೋಳು ನೋಡಿ ಬೇಡ ಅಂದರಂತೆ.

ಇವತ್ತು ಧಣಿ ಮನೆಗೇ ಬಂದರು. ಕೈಯಲ್ಲಿ ಈ ವರ್ಷದ ಮೊದಲ ಕತ್ಸುವೊ ಮೀನು. ನಮ್ಮಂಥವರು ವಾಸನೆ ನೋಡಿ ಸುಮ್ಮನಾಗಬೇಕಾದ ಮೀನು.

"ಪಟ್ಟೆ ಬಿದ್ದೋನಿಗೆ ಊರಲ್ಲಿ ಯಾರ್ ಕೆಲಸ ಕೊಡ್ತಾರೆ ಉಕಿಚಿ? ಹುಡುಗ ಒಳ್ಳೇವನು. ಮಾತಾಡಲ್ಲ, ಕಾಲು ಚುರುಕು. ನಿನ್ನ ಕೈ ಕೆಳಗೆ ಹಾಕ್ಕೊ. ಹಗ್ಗ ಕಲಿಸು. ನಿನಗೂ ವಯಸ್ಸಾಯ್ತು."

ನನ್ನ ತೋಳಿನ ಗಾಯ ಒಣಗುವ ಮೊದಲು ನನಗೂ ಇದೇ ಮಾತು ಹೇಳಿದ್ದರು. ಊರಲ್ಲಿ ಯಾರ್ ಕೆಲಸ ಕೊಡ್ತಾರೆ. ಆಗ ದೊಡ್ಡ ಉಪಕಾರ ಅಂದುಕೊಂಡು ಕಾಲಿಗೆ ಬಿದ್ದಿದ್ದೆ. ನಮ್ಮಂಥವರು ಎಲ್ಲಿಂದ ಸಿಗುತ್ತಾರೆ ಅಂತ ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ. ಧಣಿ ಕೆಟ್ಟವರಲ್ಲ. ಅವರಿಗೆ ಆಳು ಬೇಕು, ಆಳು ಸಿಗುವ ದಾರಿ ಇದು.

ಪರದೆಯ ಆಚೆಯಿಂದ ಶಿನ್‌ರೋಕು "ಆಗಲಿ ಧಣಿ" ಅಂದ. ಬೇರೆ ಏನು ಅಂದಾನು.

ಮೀನನ್ನು ಒಕೋಮಾ ಎದುರುಮನೆ ಮುದುಕಿಗೆ ಕೊಟ್ಟು ಬಂದಳು.

ಐದನೇ ತಿಂಗಳು, ಎರಡನೇ ದಿನ. ಕತ್ತಲಾಗುತ್ತಿದೆ

ಅಕ್ಷರ ಸೊಟ್ಟಗಾಗುತ್ತಿದೆ. ಬೆರಳು ಜೋಮು ಹಿಡಿದಿವೆ.

ಬೆಳಿಗ್ಗೆ ಹಗ್ಗದ ಪಾಠ ಶುರುಮಾಡಿದೆ. ಮೊದಲು ಸುತ್ತುವುದು, ಕಟ್ಟುವುದು ಆಮೇಲೆ. ನನ್ನ ಮೇಲೇ ಕಲಿ ಅಂದೆ. ಕೈ ಹಿಂದೆ ಕೊಟ್ಟು ಕೂತೆ. ಒಮ್ಮೆ ತೋರಿಸಿದ್ದಕ್ಕೆ ಕಲಿತುಬಿಟ್ಟ. ನೀರಲ್ಲಿ ಪಳಗಿದ ಕೈ, ಒರಟಿಲ್ಲ. ಕುತ್ತಿಗೆ, ತೋಳು, ಮಣಿಕಟ್ಟು. "ಭೇಷ್. ಸಾಕು, ತುದಿ ಹಿಡ್ಕೊ" ಅಂದೆ. ಅವನು ನಿಲ್ಲಿಸಲಿಲ್ಲ. ಎಳೆದು ಗಂಟು ಹಾಕಿದ. ಒಂದರ ಮೇಲೊಂದು. ಆಮೇಲೆ ಎದುರಿಗೆ ಬಂದು ಕೂತ.

"ಈಗ ಹೇಳಿ ಮಾವ. ಗಂಟು ಇದೆಯಾ?"

"ಇದೆ."

"ಹಲ್ಲಲ್ಲಿ ಬಿಚ್ಕೊಳ್ಳಿ."

ಎದ್ದು ಹೊರಗೆ ಹೋದ. ಬಾಗಿಲು ಕೂಡ ಮೆಲ್ಲಗೇ ಎಳೆದುಕೊಂಡ.

ಒಕೋಮಾ ಬಾವಿಯಿಂದ ನೀರು ತಂದಳು. ನೋಡಿದಳು. ಕೊಡ ಇಳಿಸಿ ಒಲೆ ಹಚ್ಚಿದಳು.

"ಬಿಚ್ಚಮ್ಮ" ಅಂದೆ.

"ಗಂಟು ಬಿದ್ಮೇಲೆ ಕಂಡೋರೆಲ್ಲ ಬಿಚ್ಚೋ ಹಾಗಿಲ್ಲವಂತೆ. ನಿಮ್ಮದೇ ಕಾಯ್ದೆ ಅಲ್ವಾ ಅಪ್ಪ?"

ಊದುಕೊಳವೆ ತೆಗೆದುಕೊಂಡು ಊದಿದಳು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ನಾನು ಮತ್ತೆ ಕೇಳಲಿಲ್ಲ. ಕೇಳುವ ಮುಖ ಎಲ್ಲಿದೆ ನನಗೆ?

ಸಂಜೆ ಅವನೇ ಬಂದು ಬಿಚ್ಚಿದ. ಹಗ್ಗ ಸುತ್ತಿ ಗೂಟಕ್ಕೆ ಹಾಕಿದ, ನಾನು ಕಲಿಸಿದ ಹಾಗೆಯೇ.

ನಾಳೆ ಮೊದಲ ಕೆಲಸ. ಎರಡು ಬೀದಿ ಆಚೆ ಛತ್ರಿ ಮಾಡುವವನ ತಮ್ಮನ ಮೇಲೆ ಅನುಮಾನ, ಕರೆತರಬೇಕು. ಮದುವೆ ಗೊತ್ತಾಗಿರುವ ಹುಡುಗ. ಶಿನ್‌ರೋಕು ತಲೆಯೆತ್ತದೆ ಕೇಳಿದ, "ಸುತ್ತೋದಾ, ಕಟ್ಟೋದಾ?"

ಸುತ್ತಿದರೆ ಓಡಿಯಾನು. ಕಟ್ಟಿದರೆ ಅವನ ಬಾಳು ಇಲ್ಲಿಗೇ ಮುಗಿಯಿತು. ಸುತ್ತು, ಆದರೆ ಅವನಿಗೆ ಎಲ್ಲಾ ಬಿಡಿಸಿ ಹೇಳು ಅನ್ನಬಹುದಿತ್ತು. ಇಷ್ಟಾದ ಮೇಲೂ ನನ್ನ ಬಾಯಿಂದ ಬಂದದ್ದು ಮಾತ್ರ ಇದು. "ಧಣಿಯನ್ನ ಕೇಳು."

ಒಕೋಮಾ ಊಟಕ್ಕೆ ಕರೆಯುತ್ತಿದ್ದಾಳೆ. ಕುಂಚ ಇಟ್ಟು ಏಳುತ್ತಿದ್ದೆ. ಅವಳು ಕರೆದದ್ದು ನನ್ನನ್ನಲ್ಲ, ಅವನನ್ನು. ಮತ್ತೆ ಕೂತೆ.